ಹೊರಡುವ ಮುಂಚೆ ನೀರಿನ ದಾರಿ ತಿಳಿಯಿರಿ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಭೂಗೋಳ ಕಲಿಯಲು ಸಮಗ್ರ ಮಾರ್ಗದರ್ಶಿ

ನಂದಿಬೆಟ್ಟಕ್ಕೆ ಬಂದವರು ಸೂರ್ಯ ಹುಟ್ಟುವುದನ್ನು ನೋಡುತ್ತಾರೆ, ಫೋಟೊ ತೆಗೆಯುತ್ತಾರೆ, ಇಳಿದು ಹೋಗುತ್ತಾರೆ. ಆ ಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಒಂದು ಹೊಳೆ ನೆಲ್ಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಇನ್ನೊಂದು ಕಡಲೂರಿನ ಹತ್ತಿರ ಸೇರುತ್ತದೆ. ಮತ್ತೊಂದು ಕಾವೇರಿಗೆ ಹೋಗಿ ಕೂಡುತ್ತದೆ. ಇಷ್ಟು ಗೊತ್ತಿದ್ದು ಮೇಲೆ ನಿಂತವರಿಗೆ ಕೆಳಗಿನ ಬಯಲು ಬೇರೆ ರೀತಿಯಲ್ಲೇ ಕಾಣುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಂದರೆ "ಬಯಲುಸೀಮೆ, ಬರದ ನಾಡು" ಎಂದು ಒಂದೇ ಮಾತಲ್ಲಿ ಮುಗಿಸುವವರೇ ಜಾಸ್ತಿ. ಆ ಮಾತು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ತಿಪಟೂರಿನ ತೆಂಗಿನ ತೋಟಕ್ಕೂ ಪಾವಗಡದ ಕಲ್ಲುಗುಡ್ಡಕ್ಕೂ ಎಷ್ಟು ವ್ಯತ್ಯಾಸ ಇದೆ ಎಂದು ನೋಡಿದವರಿಗೆ ಗೊತ್ತು. ಎರಡೂ ಒಂದೇ ಜಿಲ್ಲೆಯವು. ಈ ನೆಲವನ್ನು ಅರ್ಥ ಮಾಡಿಕೊಳ್ಳಲು ನನಗೆ ಗೊತ್ತಿರುವ ಒಳ್ಳೆಯ ದಾರಿ ಒಂದೇ. ಬಿದ್ದ ಮಳೆ ಯಾವ ಕಡೆ ಹರಿಯುತ್ತದೆ ಎಂದು ಮೊದಲು ಕಲಿಯಬೇಕು. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಹೊರಡುವ ಮುಂಚೆ ಒಂದೆರಡು ಸಂಜೆ ಬಿಡುವು ಮಾಡಿಕೊಂಡರೆ ಸಾಕು.

ಹೆಜ್ಜೆ 1: ಖಾಲಿ ಹಾಳೆಯಲ್ಲಿ ನಿಮ್ಮದೇ ನಕ್ಷೆ

ಮೊಬೈಲ್ ಪಕ್ಕಕ್ಕಿಡಿ. ಒಂದು ಬಿಳಿ ಹಾಳೆ ತೆಗೆದುಕೊಳ್ಳಿ. ಕೆಳಭಾಗದ ನಡುವೆ ಒಂದು ಚುಕ್ಕೆ ಇಟ್ಟು ಬೆಂಗಳೂರು ಎಂದು ಬರೆಯಿರಿ. ಈಗ ನೆನಪಿನಿಂದಲೇ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಎಲ್ಲೆಲ್ಲಿವೆ ಎಂದು ಗುರುತು ಮಾಡಿ. ಆಮೇಲೆ ಮಧುಗಿರಿ, ಸಿರಾ, ಚಿಂತಾಮಣಿ, ಮುಳಬಾಗಿಲು, ಕುಣಿಗಲ್. ತಪ್ಪಾದರೂ ಪರವಾಗಿಲ್ಲ. ತಪ್ಪು ಎಲ್ಲಾಗುತ್ತದೆ ಎಂದು ಕಾಣಲಿ ಎಂದೇ ಈ ಕೆಲಸ.

ಈಗ ನಿಜವಾದ ನಕ್ಷೆ ತೆರೆದು ಹೋಲಿಸಿ. ತುಮಕೂರು ಬೆಂಗಳೂರಿನ ವಾಯವ್ಯಕ್ಕೆ ಸುಮಾರು 70 ಕಿ.ಮೀ. ಚಿಕ್ಕಬಳ್ಳಾಪುರ ಉತ್ತರಕ್ಕೆ ಸುಮಾರು 60 ಕಿ.ಮೀ. ಕೋಲಾರ ಪೂರ್ವಕ್ಕೆ, ಅದೂ ಹತ್ತಿರ ಹತ್ತಿರ 70 ಕಿ.ಮೀ. ಮೂರೂ ಊರು ಬೆಂಗಳೂರಿನಿಂದ ಬೇರೆ ಬೇರೆ ದಿಕ್ಕಿಗೆ ಚಾಚಿಕೊಂಡಿವೆ. ಹಾಗಾಗಿ "ತುಮಕೂರು ನೋಡಿಕೊಂಡು ಹಾಗೇ ಕೋಲಾರಕ್ಕೆ ಹೋಗಿಬರೋಣ" ಅನ್ನುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ.

ಇಲ್ಲಿ ಎರಡು ವಿಷಯ ಚೆನ್ನಾಗಿ ನೆನಪಿಡಿ. ಒಂದು, ಚಿಕ್ಕಬಳ್ಳಾಪುರ ಜಿಲ್ಲೆ ಆದದ್ದು 2007ರಲ್ಲಿ. ಅದಕ್ಕೂ ಮುಂಚೆ ಅದು ಕೋಲಾರ ಜಿಲ್ಲೆಯ ಭಾಗ. ಹಳೆಯ ಗೆಜೆಟಿಯರ್‌ನಲ್ಲೋ ಪುಸ್ತಕದಲ್ಲೋ "ಕೋಲಾರ ಜಿಲ್ಲೆಯ ನಂದಿಬೆಟ್ಟ" ಎಂದು ಓದಿದರೆ ಗೊಂದಲ ಬೇಡ. ಎರಡು, ಪಾವಗಡ. ಅದು ತುಮಕೂರು ಜಿಲ್ಲೆಯ ತಾಲ್ಲೂಕು. ಆದರೆ ಜಿಲ್ಲೆಯ ಉಳಿದ ಭಾಗದಿಂದ ಬಿಡಿಸಿ ಇಟ್ಟ ಹಾಗೆ, ಹೆಚ್ಚು ಕಡಿಮೆ ಎಲ್ಲ ಕಡೆಯೂ ಆಂಧ್ರದ ನೆಲದ ನಡುವೆ ಇದೆ. ಮಧುಗಿರಿ ಕಡೆಯಿಂದ ಪಾವಗಡಕ್ಕೆ ಹೋಗುವಾಗ ದಾರಿ ನಡುವೆ ಆಂಧ್ರದೊಳಗೆ ಹಾದುಹೋಗುತ್ತದೆ. ಇದು ಮೊದಲೇ ಗೊತ್ತಿದ್ದರೆ ತೆಲುಗು ಬೋರ್ಡ್ ಕಂಡು ದಾರಿ ತಪ್ಪಿತೇನೋ ಎಂದು ಗಾಡಿ ತಿರುಗಿಸುವ ಕಷ್ಟ ಇರುವುದಿಲ್ಲ.

ಮೂರು ಜಿಲ್ಲೆಯ ಅಕ್ಕಪಕ್ಕದವರನ್ನೂ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಉತ್ತರಕ್ಕೂ ಪೂರ್ವಕ್ಕೂ ಆಂಧ್ರ. ಕೋಲಾರದ ಆಗ್ನೇಯ ಮೂಲೆಗೆ ತಮಿಳುನಾಡು. ತುಮಕೂರಿನ ಪಶ್ಚಿಮಕ್ಕೆ ಹಾಸನ, ಚಿಕ್ಕಮಗಳೂರು, ವಾಯವ್ಯಕ್ಕೆ ಚಿತ್ರದುರ್ಗ, ಕುಣಿಗಲ್ ದಾಟಿದರೆ ಮಂಡ್ಯ.

ಹೆಜ್ಜೆ 2: ಬೆಟ್ಟಗಳ ಸಾಲು ಗುರುತಿಸಿ

ಬೆಟ್ಟಗಳನ್ನು ಒಂದೊಂದಾಗಿ ನೆನಪಿಡಬೇಡಿ, ಸಾಲಾಗಿ ನೋಡಿ. ಮೊದಲ ಸಾಲು ತುಮಕೂರು ಜಿಲ್ಲೆಯ ಪೂರ್ವ ಭಾಗದಲ್ಲಿ ಉತ್ತರ ದಕ್ಷಿಣವಾಗಿ ಹೋಗುತ್ತದೆ. ಪಾವಗಡ, ಮಧುಗಿರಿ, ಕೊರಟಗೆರೆಯ ಸಿದ್ದರಬೆಟ್ಟ, ದೇವರಾಯನದುರ್ಗ. ಅದೇ ಸಾಲು ಜಿಲ್ಲೆ ದಾಟಿ ಶಿವಗಂಗೆ, ಸಾವನದುರ್ಗ, ರಾಮನಗರದವರೆಗೂ ಮುಂದುವರಿಯುತ್ತದೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು. ಕ್ಲೋಸ್‌ಪೇಟೆ ಅಂದರೆ ರಾಮನಗರದ ಹಳೆಯ ಹೆಸರು. ರಾಮನಗರದ ಬಂಡೆಗೂ ಮಧುಗಿರಿಯ ಏಕಶಿಲೆಗೂ ಮುಖದ ಹೋಲಿಕೆ ಯಾಕಿದೆ ಎಂದು ಈಗ ಗೊತ್ತಾಯಿತಲ್ವಾ?

ಎರಡನೆಯದು ನಂದಿಯ ಗುಂಪು. ನಂದಿಬೆಟ್ಟದ ಎತ್ತರ 1,478 ಮೀಟರ್. ಪಕ್ಕದಲ್ಲೇ ಸ್ಕಂದಗಿರಿ. ಇಲ್ಲಿಂದ ಗುಡ್ಡಗಳು ಉತ್ತರಕ್ಕೆ ಗುಡಿಬಂಡೆ ದಾಟಿ ಆಂಧ್ರದ ಪೆನುಕೊಂಡದ ಕಡೆ ಸಾಗುತ್ತವೆ. ಮೂರನೆಯದು ಪೂರ್ವದಲ್ಲಿ ಬಿಡಿಬಿಡಿಯಾಗಿ ನಿಂತ ಬೆಟ್ಟಗಳು. ಕೋಲಾರದ ಬೆನ್ನಿಗಿರುವ ಶತಶೃಂಗ ಬೆಟ್ಟ, ಅದರ ಮೇಲಿನ ಅಂತರಗಂಗೆ, ಆಚೆಗೆ ಆವಣಿ, ಮುಳಬಾಗಿಲು. ಇವುಗಳ ಜೊತೆಗೆ ತುಮಕೂರಿನ ಪಶ್ಚಿಮದಲ್ಲಿ ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಿವೆ. ಅವುಗಳ ಕಲ್ಲೇ ಬೇರೆ. ಅಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು ಸಿಗುತ್ತದೆ.

ಇದಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಟೋಪೋಶೀಟ್‌ಗಿಂತ (ಬೆಟ್ಟ, ಹೊಳೆ, ಎತ್ತರ ತೋರಿಸುವ ನಕ್ಷೆಯ ಹಾಳೆ) ಒಳ್ಳೆಯ ನಕ್ಷೆ ಇಲ್ಲ. ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ಖಾತೆ ತೆರೆದರೆ ಸಾರ್ವಜನಿಕರಿಗೆ ಸಿಗುತ್ತದೆ. 1:50,000 ಪ್ರಮಾಣದ ಹಾಳೆ ಆರಿಸಿ. ಅದರಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿ.ಮೀ. ಹಳೆಯ ಸಂಖ್ಯೆಯ ಪ್ರಕಾರ ತುಮಕೂರು, ಚಿಕ್ಕಬಳ್ಳಾಪುರ ಪಟ್ಟಣಗಳು 57 ಜಿ ಗುಂಪಿನಲ್ಲಿವೆ. ಕೋಲಾರ 57 ಕೆ, ಕೆಜಿಎಫ್ 57 ಎಲ್, ತಿಪಟೂರು 57 ಸಿ, ಪಾವಗಡ 57 ಎಫ್. ಒಂದೊಂದು ಗುಂಪಿನಲ್ಲಿ 16 ಹಾಳೆ. ಎಲ್ಲ ಬೇಡ. ನೀವು ಹೋಗುವ ಕಡೆಯ ಒಂದೋ ಎರಡೋ ಸಾಕು.

ಹಾಳೆಯ ಮೇಲಿನ ಕಂದು ಗೆರೆಗಳು ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು. ಒಂದು ಗೆರೆಗೂ ಇನ್ನೊಂದಕ್ಕೂ 20 ಮೀಟರ್ ಎತ್ತರದ ವ್ಯತ್ಯಾಸ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಬಯಲು. ಮಧುಗಿರಿ ಬೆಟ್ಟದ ಸುತ್ತ ಅವು ಎಷ್ಟು ಒತ್ತಾಗಿವೆ ಎಂದು ನೋಡಿ, ಹತ್ತುವ ಕಷ್ಟ ಮನೆಯಲ್ಲೇ ಅರ್ಥವಾಗುತ್ತದೆ. ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 900 ಮೀಟರ್ ಎತ್ತರದಲ್ಲಿದೆ, ಗೌರಿಬಿದನೂರು ಸುಮಾರು 700 ಮೀಟರ್. ಒಂದೇ ಜಿಲ್ಲೆ, ಆದರೆ ಉತ್ತರಕ್ಕೆ ಹೋದಂತೆ ನೆಲ ಇಳಿಯುತ್ತದೆ, ಬಿಸಿಲು ಏರುತ್ತದೆ.

ಹೆಜ್ಜೆ 3: ನೀರಿನ ದಾರಿ

ಇದಕ್ಕೆ ಬೇರೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ನೀಲಿ ಪೆನ್ಸಿಲ್ ತೆಗೆದುಕೊಂಡು ನಿಮ್ಮ ಹಾಳೆಯ ಮೇಲೆ ಹೊಳೆಗಳನ್ನು ಎಳೆಯಿರಿ.

ದೇವರಾಯನದುರ್ಗದಿಂದ ಶುರು ಮಾಡಿ, ಅಲ್ಲಿ ವಿಷಯ ಬೇಗ ಅರ್ಥವಾಗುತ್ತದೆ. ತುಮಕೂರಿನಿಂದ ಸುಮಾರು 15 ಕಿ.ಮೀ. ದೂರದ ಬೆಟ್ಟ. ಇಲ್ಲಿ ಎರಡು ಹೊಳೆ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹೊರಟು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು, ಆಂಧ್ರದ ಹಿಂದೂಪುರದ ಕಡೆ, ನೆಲ್ಲೂರಿನ ಹತ್ತಿರ ಸಮುದ್ರಕ್ಕೆ ಹೋಗುವ ಉತ್ತರ ಪಿನಾಕಿನಿ (ಪೆನ್ನಾರ್) ಸೇರುತ್ತದೆ. ಗೊರವನಹಳ್ಳಿ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೋದವರು ಪಕ್ಕದ ತೀತಾ ಜಲಾಶಯ ನೋಡಿರುತ್ತಾರೆ. ಅದರಲ್ಲಿ ನಿಲ್ಲುವುದು ಜಯಮಂಗಲಿಯ ನೀರು. ಇನ್ನೊಂದು ಹೊಳೆ ಶಿಂಷಾ. ಅದು ಗುಬ್ಬಿ, ತುರುವೇಕೆರೆ, ಕುಣಿಗಲ್ ತಾಲ್ಲೂಕುಗಳ ಮೇಲೆ ಹರಿದು, ಮಾರ್ಕೋನಹಳ್ಳಿ ಜಲಾಶಯ ತುಂಬಿ, ಮದ್ದೂರಿನ ಮೂಲಕ ಹೋಗಿ ಕಾವೇರಿ ಸೇರುತ್ತದೆ. ಒಂದೇ ಬೆಟ್ಟದ ಈಚೆ ಬಿದ್ದ ಹನಿ ಕಾವೇರಿ ಸಮುದ್ರ ಸೇರುವ ಪೂಂಪುಹಾರ್ ಕಡೆಗೆ, ಆಚೆ ಬಿದ್ದ ಹನಿ ನೆಲ್ಲೂರಿನ ಕಡೆಗೆ. ಎರಡೂ ಬಂಗಾಳ ಕೊಲ್ಲಿಗೇ ಸೇರುತ್ತವೆ, ಆದರೆ ಎಷ್ಟು ದೂರದ ಎರಡು ಜಾಗದಲ್ಲಿ!

ತುಮಕೂರಿನಲ್ಲಿ ಮೂರನೆಯ ದಾರಿಯೂ ಇದೆ. ಸಿರಾದ ಕಡೆ ಮತ್ತು ಚಿಕ್ಕನಾಯಕನಹಳ್ಳಿಯ ಉತ್ತರ ಭಾಗದ ನೀರು ವೇದಾವತಿ ಸೇರಿ, ಅಲ್ಲಿಂದ ತುಂಗಭದ್ರಾ, ಕೊನೆಗೆ ಕೃಷ್ಣಾ ಆಗುತ್ತದೆ. ಹುಳಿಯಾರಿನ ಹತ್ತಿರದ ಬೋರನಕಣಿವೆ ಜಲಾಶಯ ಇರುವುದು ಈ ದಾರಿಯಲ್ಲಿ. ಕಾವೇರಿ, ಪಿನಾಕಿನಿ, ಕೃಷ್ಣಾ, ಮೂರು ಕೊಳ್ಳಗಳೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ನನಗೆ ಈ ಜಿಲ್ಲೆಯ ಬಗ್ಗೆ ಹೆಮ್ಮೆ ಅನಿಸುವ ವಿಷಯಗಳಲ್ಲಿ ಇದೂ ಒಂದು.

ಈಗ ನಂದಿಯ ಕಡೆ ಬನ್ನಿ. ಅರ್ಕಾವತಿ ದಕ್ಷಿಣಕ್ಕೆ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರು, ಹಿಂದೂಪುರದ ಮೇಲೆ ಹೋಗಿ ಅನಂತಪುರ, ಕಡಪ ದಾಟುತ್ತದೆ. ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥ ಈ ಹೊಳೆಯ ದಂಡೆಯ ಊರು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಸುಮ್ನೆ ಹಾದು ಹೋಗಬೇಡಿ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಮೇಲೆ ತಮಿಳುನಾಡಿಗೆ ಇಳಿದು ಕಡಲೂರಿನ ಹತ್ತಿರ ಸಮುದ್ರ ಸೇರುತ್ತದೆ. ಚಿತ್ರಾವತಿ ಬಾಗೇಪಲ್ಲಿ ಕಡೆಯಿಂದ ಪುಟ್ಟಪರ್ತಿಗೆ ಹೋಗುತ್ತದೆ. ಪಾಪಾಗ್ನಿ ಕಡಪದ ಕಡೆ ಹರಿಯುತ್ತದೆ. ಈ ಎರಡೂ ಕೊನೆಗೆ ಉತ್ತರ ಪಿನಾಕಿನಿಯನ್ನೇ ಸೇರುತ್ತವೆ. ಪಾಲಾರ್ ಕೋಲಾರ ಜಿಲ್ಲೆಯ ಹೊಳೆ. ಬೇತಮಂಗಲದ ದೊಡ್ಡ ಕೆರೆ ಇರುವುದು ಅದರ ಮೇಲೆಯೇ. ಚಿನ್ನದ ಗಣಿಗೆ ನೀರು ಹೋಗುತ್ತಿದ್ದದ್ದೂ ಆ ಕೆರೆಯಿಂದ. ಮುಂದೆ ಪಾಲಾರ್ ವೆಲ್ಲೂರಿನ ಕಡೆ ಸಾಗುತ್ತದೆ.

ಒಂದು ಮಾತು ಮನಸ್ಸಿನಲ್ಲಿರಲಿ. ಇವೆಲ್ಲ ಹೊಳೆಗಳೇ ಆದರೂ ವರ್ಷಪೂರ್ತಿ ಹರಿಯುವುದಿಲ್ಲ. ನಕ್ಷೆಯಲ್ಲಿ ನೀಲಿ ಗೆರೆ ಕಂಡು ದಂಡೆಯಲ್ಲಿ ಕೂತು ಊಟ ಮಾಡೋಣ ಎಂದು ಹೋದರೆ ಮರಳು, ಜಾಲಿ ಮಾತ್ರ ಸಿಗಬಹುದು. ಜೋರು ಮಳೆ ಬಂದಾಗ ಅದೇ ಒಣ ಹೊಳೆ ಕೆಲವೇ ಗಂಟೆಯಲ್ಲಿ ರಸ್ತೆ ಮುಚ್ಚುತ್ತದೆ. ಎರಡಕ್ಕೂ ಸಿದ್ಧವಾಗಿರಿ.

ನದಿ ನಂಬುವ ಹಾಗಿಲ್ಲದ್ದರಿಂದಲೇ ಇಲ್ಲಿಯ ಜನ ಕೆರೆ ಕಟ್ಟಿದರು. ಉಪಗ್ರಹ ಚಿತ್ರದಲ್ಲಿ ಕೆರೆ ಓದುವುದನ್ನು ಕಲಿಯಿರಿ, ಹತ್ತು ನಿಮಿಷದ ಪಾಠ. ಇಸ್ರೋದ ಭುವನ್ ಅಥವಾ ಗೂಗಲ್ ಅರ್ಥ್ ತೆರೆದು ಕೋಲಾರ, ಶ್ರೀನಿವಾಸಪುರದ ಸುತ್ತ ನೋಡಿ. ಪ್ರತಿ ಕೆರೆಗೂ ಒಂದು ಬದಿ ನೇರವಾಗಿ ಅಥವಾ ಸ್ವಲ್ಪ ಬಾಗಿದ ಬಿಲ್ಲಿನಂತೆ ಇರುತ್ತದೆ. ಅದು ಏರಿ, ನೀರು ತಡೆಯುವ ಕಟ್ಟೆ. ಏರಿ ಯಾವಾಗಲೂ ತಗ್ಗಿನ ಕಡೆ ಇರುತ್ತದೆ. ಎದುರು ಬದಿ ಸೊಟ್ಟಂಬಟ್ಟ ಚಾಚಿರುತ್ತದೆ, ನೀರು ಒಳಗೆ ಬರುವುದು ಅಲ್ಲಿಂದ. ಏರಿಯ ಕೆಳಗೆ ಹಸಿರು ಗದ್ದೆ, ತೋಟ ಕಂಡರೆ ಅದು ಅಚ್ಚುಕಟ್ಟು, ಕೆರೆಯ ನೀರುಣ್ಣುವ ಜಮೀನು. ಏರಿಯ ಒಂದು ತುದಿಯಲ್ಲಿ ಕೋಡಿ, ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಹೋಗುವ ಜಾಗ. ಕೋಡಿಯಿಂದ ಹೊರಟ ಕಾಲುವೆಯನ್ನೇ ಬೆರಳಿಟ್ಟು ಹಿಂಬಾಲಿಸಿ, ಅದು ನಿಮ್ಮನ್ನು ಮುಂದಿನ ಕೆರೆಗೆ ತಲುಪಿಸುತ್ತದೆ. ಹೀಗೆ ನಾಲ್ಕೈದು ಕೆರೆ ದಾಟಿದರೆ ಆ ಸೀಮೆಯ ಇಳಿಜಾರು ನಿಮಗೆ ಬಾಯಿಪಾಠ ಆಗುತ್ತದೆ. ಎತ್ತರದ ಗೆರೆ ಒಂದೂ ನೋಡದೆ ನೆಲದ ಓಟ ಹೇಳಬಲ್ಲಿರಿ.

ಪಾವಗಡದ ಹತ್ತಿರ ಮಾತ್ರ ಎಚ್ಚರ. ಚಿತ್ರದಲ್ಲಿ ದೊಡ್ಡದಾಗಿ, ಕಡು ನೀಲಿಯಾಗಿ ಕಾಣುವುದು ಕೆರೆಯಲ್ಲ. ಅದು ಸುಮಾರು 13,000 ಎಕರೆಯ ಸೌರ ಪಾರ್ಕ್, 2,050 ಮೆಗಾವಾಟ್ ಸಾಮರ್ಥ್ಯದ್ದು. ನಾಗಲಮಡಿಕೆ ಹೋಬಳಿಯ ತಿರುಮಣಿ, ಬಳಸಮುದ್ರದ ಕಡೆ ರೈತರಿಂದ ಗುತ್ತಿಗೆಗೆ ಪಡೆದ ಜಮೀನಿನಲ್ಲಿದೆ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವುದೇ ಅದು ಅಲ್ಲಿ ಬರಲು ಕಾರಣ.

ಇನ್ನೊಂದು. ಬೇಸಿಗೆಯಲ್ಲಿ ಕೋಲಾರದ ಕೆಲವು ಕೆರೆ ತುಂಬಿರುವುದು ಕಂಡರೆ ಅದು ಮಳೆ ನೀರೇ ಎಂದುಕೊಳ್ಳಬೇಡಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪಂಪ್ ಮಾಡಿ ಇಲ್ಲಿಯ ಕೆರೆಗಳಿಗೆ ಬಿಡುತ್ತಿದ್ದಾರೆ. ಚಿಕ್ಕಬಳ್ಳಾಪುರಕ್ಕೆ ಅದೇ ರೀತಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ನೀರು ಬರುತ್ತದೆ. ಅಂತರ್ಜಲ ಹೆಚ್ಚಿಸಲು ಬಿಟ್ಟ ನೀರು ಅದು. ಮಕ್ಕಳನ್ನು ಈಜಲು ಇಳಿಸಬೇಡಿ.

ಹೆಜ್ಜೆ 4: ನೀರು ಎಲ್ಲಿದೆಯೋ ಅಲ್ಲಿ ಬೆಳೆ, ಬೆಳೆ ಎಲ್ಲಿದೆಯೋ ಅಲ್ಲಿ ಪೇಟೆ

ಮುಂಗಾರಿನಲ್ಲಿ ಪಶ್ಚಿಮ ಘಟ್ಟ ತಡೆದು ಉಳಿದ ಮಳೆ ಮಾತ್ರ ಇಲ್ಲಿಗೆ ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಮಳೆ ಜೋರು. ಕೆರೆ ತುಂಬಿದ್ದು ನೋಡಬೇಕೆಂದರೆ ಅದರ ಬೆನ್ನಿಗೇ ಬನ್ನಿ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲು, ಅದರ ಹಿಂದೆ ಅವರೆಕಾಯಿ ಕಾಲ. ಮೇ ತಿಂಗಳ ಹೊತ್ತಿಗೆ ಶ್ರೀನಿವಾಸಪುರದ ಮಾವು.

ನಿಮ್ಮ ನಕ್ಷೆಯಲ್ಲಿ ಊರಿನ ಪಕ್ಕ ಬೆಳೆಯನ್ನೂ ಬರೆಯಿರಿ. ತಿಪಟೂರು ಎಂದರೆ ಕೊಬ್ಬರಿ ಮಾರುಕಟ್ಟೆ. ಗುಬ್ಬಿ, ಚಿಕ್ಕನಾಯಕನಹಳ್ಳಿ, ತುರುವೇಕೆರೆಯಲ್ಲಿ ತೆಂಗು, ಅಡಿಕೆ. ಗೊರೂರಿನಿಂದ ಬರುವ ಹೇಮಾವತಿ ನಾಲೆ ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ಗುರುತು ಮಾಡಿ. ಜಿಲ್ಲೆಯ ದಕ್ಷಿಣ, ಪಶ್ಚಿಮ ಯಾಕೆ ಹಸಿರು, ಉತ್ತರ ಯಾಕೆ ಕೆಂಪು ಎಂದು ಅರ್ಧ ಅಲ್ಲೇ ತಿಳಿಯುತ್ತದೆ. ಸಿರಾ, ಪಾವಗಡ, ಮಧುಗಿರಿಯದ್ದು ಕಡಲೆಕಾಯಿ. ಶಿಡ್ಲಘಟ್ಟದ್ದು ರೇಷ್ಮೆ ಗೂಡು. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ. ವರ್ಷಪೂರ್ತಿ ಹರಿಯುವ ನದಿಯಿಲ್ಲದ ಈ ಜಿಲ್ಲೆಗಳು ಇಷ್ಟು ತರಕಾರಿ, ಹಾಲು, ರೇಷ್ಮೆ ಕೊಡುತ್ತಿರುವುದು ಕೊಳವೆ ಬಾವಿಯಿಂದ. ಆ ಬಾವಿಗಳು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿದಿವೆ. ಪಶ್ಚಿಮ ಘಟ್ಟದ ನೀರನ್ನು ಈ ಕಡೆಗೆ ತರುವ ಎತ್ತಿನಹೊಳೆ ಯೋಜನೆಯ ಮಾತು ಬಂದಾಗ ಇಲ್ಲಿಯವರ ದನಿ ಯಾಕೆ ಗಟ್ಟಿಯಾಗುತ್ತದೆ ಎಂದು ತಿಳಿಯಲು ಇಷ್ಟು ಗೊತ್ತಿರಲೇಬೇಕು.

ಕೆಜಿಎಫ್‌ಗೆ ಹೋಗುವವರು ನೆಲದ ಕೆಳಗಿನ ಭೂಗೋಳವನ್ನೂ ಸ್ವಲ್ಪ ಓದಿ. ಚಿನ್ನ ಇದ್ದದ್ದು ಉತ್ತರ ದಕ್ಷಿಣವಾಗಿ ಚಾಚಿದ ಕಿರಿದಾದ ಒಂದು ಶಿಲಾಪಟ್ಟಿಯಲ್ಲಿ. ಅದಕ್ಕೇ ಗಣಿಗಳು, ಕಾಲೊನಿಗಳು ಉದ್ದಕ್ಕೆ ಒಂದೇ ಸಾಲಾಗಿವೆ. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಗಿತ್ತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು, 2001ರಲ್ಲಿ ಗಣಿ ಮುಚ್ಚಿತು. ಅಲ್ಲಿ ಕಾಣುವ ಮಣ್ಣಿನ ಬೋಳು ದಿಬ್ಬಗಳು ಬೆಟ್ಟವಲ್ಲ. ಅವು ಚಿನ್ನ ತೆಗೆದು ಉಳಿದ ಅದಿರಿನ ಪುಡಿ. ಅದರಲ್ಲಿ ಸೈನೈಡ್ ಬಳಕೆಯಾಗಿತ್ತು, ಹತ್ತಿ ಆಡುವ ಜಾಗ ಅಲ್ಲ.

ಹೆಜ್ಜೆ 5: ರಸ್ತೆ, ರೈಲು

ಇದು ಬೇಗ ಮುಗಿಯುತ್ತದೆ. ತುಮಕೂರು, ಸಿರಾಕ್ಕೆ ರಾಷ್ಟ್ರೀಯ ಹೆದ್ದಾರಿ 48. ಚಿಕ್ಕಬಳ್ಳಾಪುರ, ಬಾಗೇಪಲ್ಲಿಗೆ 44. ಕೋಲಾರ, ಮುಳಬಾಗಿಲಿಗೆ 75. ಅದೇ 75 ಬೆಂಗಳೂರಿನ ಪಶ್ಚಿಮಕ್ಕೆ ಕುಣಿಗಲ್ ಕಡೆಗೂ ಹೋಗುತ್ತದೆ, ಬೋರ್ಡ್‌ನಲ್ಲಿ ಸಂಖ್ಯೆ ಮಾತ್ರ ನೋಡಿ ತಿರುಗಬೇಡಿ.

ಇವೆಲ್ಲ ಬೆಂಗಳೂರಿನಿಂದ ಹೊರಡುವ ದಾರಿಗಳು. ಅಡ್ಡ ದಾರಿ ಕಲಿತರೆ ಪ್ರಯಾಣ ಸಲೀಸು. ತುಮಕೂರಿನಿಂದ ಕೋಲಾರಕ್ಕೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಹಿಡಿದರೆ ಬೆಂಗಳೂರಿನ ಒಳಗೆ ಹೋಗಬೇಕಿಲ್ಲ. ಉತ್ತರದಲ್ಲಿ ಸಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಂದು ಇನ್ನೊಂದು ಅಡ್ಡ ದಾರಿ ಇದೆ. ಈ ನಾಡನ್ನು ನಿಜವಾಗಿ ನೋಡಬೇಕೆಂದರೆ ನಾನು ಹೇಳುವುದು ಇದನ್ನೇ. ಮೇಲೆ ಹೇಳಿದ ಹೊಳೆಗಳಲ್ಲಿ ಹಲವನ್ನು ನೀವು ಅಡ್ಡಕ್ಕೆ ದಾಟುತ್ತೀರಿ.

ರೈಲಿನಲ್ಲಿ ತುಮಕೂರು, ಗುಬ್ಬಿ, ತಿಪಟೂರು ಒಂದೇ ಮಾರ್ಗ. ಗೌರಿಬಿದನೂರು ಹಿಂದೂಪುರದ ಮಾರ್ಗದಲ್ಲಿದೆ. ಮಾಲೂರು, ಬಂಗಾರಪೇಟೆ ಚೆನ್ನೈ ಮಾರ್ಗದಲ್ಲಿವೆ. ಬಂಗಾರಪೇಟೆಯಿಂದ ಒಂದು ಕವಲು ಕೆಜಿಎಫ್ ಕಡೆ ಮಾರಿಕುಪ್ಪಂಗೆ. ಇನ್ನೊಂದು ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಮೇಲೆ ಯಲಹಂಕಕ್ಕೆ.

ಹೆಜ್ಜೆ 6: ಊರು ಹುಡುಕುವ ಕ್ರಮ, ಮಾತಿನ ಸೀಮೆ

ಹಳ್ಳಿಗೆ ಹೋಗುವವರು ಹೆಸರು ಮಾತ್ರ ನಂಬಬಾರದು. ಹೊಸಹಳ್ಳಿ, ಗೊಲ್ಲರಹಟ್ಟಿ, ತಿಮ್ಮಸಂದ್ರ ಮುಂತಾದ ಹೆಸರು ಒಂದಕ್ಕಿಂತ ಜಾಸ್ತಿ ಕಡೆ ಸಿಗುತ್ತವೆ. ತಾಲ್ಲೂಕು, ಹೋಬಳಿ, ಗ್ರಾಮ, ಈ ಮೂರನ್ನೂ ಬರೆದಿಟ್ಟುಕೊಳ್ಳಿ. ಕಂದಾಯ ಇಲಾಖೆಯ ದಿಶಾಂಕ್ ಆಪ್‌ನಲ್ಲಿ ಗ್ರಾಮದ ಗಡಿ, ಸರ್ವೆ ನಂಬರ್ ಸಿಗುತ್ತದೆ. ಸರ್ವೆ ನಕ್ಷೆಯಲ್ಲಿ ಕೆರೆ, ರಾಜಕಾಲುವೆ, ಹಳೆಯ ಬಂಡಿದಾರಿ ಕೂಡ ಕಾಣುತ್ತವೆ. ಕುಲದೇವರ ಊರೋ, ಅಜ್ಜನ ಊರೋ ಹುಡುಕಿ ಹೊರಟವರಿಗೆ ಇದು ಬಹಳ ಸಹಾಯ.

ಭಾಷೆಯ ಗಡಿ ರಾಜ್ಯದ ಗಡಿಯ ಮೇಲೆ ಕೂತಿಲ್ಲ. ಬಾಗೇಪಲ್ಲಿ, ಪಾವಗಡ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು ಆಗಿರುವವರು ತುಂಬ. ಕೆಜಿಎಫ್‌ನಲ್ಲಿ ತಮಿಳು. ಎಲ್ಲೆಡೆ ಉರ್ದು ಇದೆ. ಕನ್ನಡದಲ್ಲೇ ಮಾತಾಡಿ, ಕನ್ನಡದಲ್ಲೇ ಉತ್ತರ ಬರುತ್ತದೆ. ಅವರು ತಮ್ಮೊಳಗೆ ತೆಲುಗು ಮಾತಾಡಿದರೆ ಪರರಾಜ್ಯದವರು ಎಂದುಕೊಳ್ಳಬೇಡಿ.

ಹೆಜ್ಜೆ 7: ಪರೀಕ್ಷೆ, ಆಮೇಲೆ ಪ್ರಯಾಣ

ಹೊರಡುವ ಹಿಂದಿನ ರಾತ್ರಿ ಇನ್ನೊಂದು ಖಾಲಿ ಹಾಳೆ ತೆಗೆದು ಎಲ್ಲವನ್ನೂ ಮತ್ತೆ ನೆನಪಿನಿಂದ ಬರೆಯಿರಿ. ನಿಮ್ಮನ್ನೇ ಕೇಳಿಕೊಳ್ಳಿ: ಕುಣಿಗಲ್‌ನ ನೀರು ಯಾವ ನದಿಗೆ? ಬಾಗೇಪಲ್ಲಿಯದು? ಸಿರಾದ್ದು? ಗೌರಿಬಿದನೂರಿನಿಂದ ಮಧುಗಿರಿ ಯಾವ ದಿಕ್ಕಿಗೆ? ಉತ್ತರ ಬಾರದ ಕಡೆ ಮಾತ್ರ ಮತ್ತೆ ಓದಿ. ಆಫ್‌ಲೈನ್ ನಕ್ಷೆ ಡೌನ್‌ಲೋಡ್ ಮಾಡಿಡಿ. ಗಡಿ ಭಾಗದಲ್ಲಿ, ಬೆಟ್ಟದ ಹಿಂದೆ ಸಿಗ್ನಲ್ ಕೈಕೊಡುತ್ತದೆ. ಸ್ಕಂದಗಿರಿಯಂಥ ಚಾರಣಕ್ಕೆ ಮೊದಲೇ ಆನ್‌ಲೈನ್ ಬುಕಿಂಗ್ ಬೇಕು.

ಮೊದಲ ಪ್ರಯಾಣಕ್ಕೆ ತುಮಕೂರು, ದೇವರಾಯನದುರ್ಗ, ಕೊರಟಗೆರೆ, ಮಧುಗಿರಿ ದಾರಿ ಒಳ್ಳೆಯದು. ದುರ್ಗದ ಮೇಲೆ ನಿಂತು ಉತ್ತರ ಯಾವುದು, ದಕ್ಷಿಣ ಯಾವುದು ಎಂದು ಮೊದಲು ಗುರುತಿಸಿ, ಆಮೇಲೆ ಎರಡೂ ಕಡೆಯ ಕೆರೆಗಳ ಏರಿ ಯಾವ ಬದಿಗಿದೆ ಎಂದು ನೋಡಿ. ದಾರಿಯಲ್ಲಿ ಸಿಗುವ ಯಾವುದಾದರೂ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ, ದನ ಮೇಯಿಸುವ ಹಿರಿಯರನ್ನು ಒಂದು ಪ್ರಶ್ನೆ ಕೇಳಿ: "ಈ ಕೆರೆ ಕೋಡಿ ಬಿದ್ರೆ ನೀರು ಎಲ್ಲಿಗೆ ಹೋಗುತ್ತೆ?" ಕೆರೆ ಕೊನೆಯ ಸಲ ಯಾವಾಗ ತುಂಬಿತು, ಮುಂದಿನ ಕೆರೆ ಯಾವುದು, ಕಾಲುವೆ ಎಲ್ಲಿ ಮುಚ್ಚಿಹೋಗಿದೆ, ಎಲ್ಲ ಹೇಳುತ್ತಾರೆ. ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ, ಊರಿನ ಹೆಸರು, ಹೋಬಳಿ ಸಮೇತ. ಮಧುಗಿರಿ ಬೆಟ್ಟ ಹತ್ತುವುದಿದ್ದರೆ ಅದನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ, ಅಂದರೆ ಹಿಂದಿನ ರಾತ್ರಿ ಮಧುಗಿರಿಯಲ್ಲೇ ಉಳಿಯಿರಿ. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ, ಮೇಲೆ ನೆರಳು ಕಡಿಮೆ, ಕುಡಿಯುವ ನೀರು ಕೆಳಗಿನಿಂದಲೇ ಒಯ್ಯಬೇಕು.